ಹಳೆಯ ಸ್ಟಾರ್ಟರ್ ಪೆಟ್ಟಿಗೆಯ ಮಡಿವಾಳ್ತಿ

ನಮ್ಮ ಮನೆಯ ಪಡುಗೋಡೆಯಲ್ಲಿ ಒಂದು ತೂತಿತ್ತು. ನೆಲದಿಂದ ಒಂಬತ್ತು ಅಡಿ ಎತ್ತರದಲ್ಲಿ, ಮಾಡಿನ ಇಳಿಜಾರಿನ ಕೆಳಗೆ, ಒಂದು ತೆಂಗಿನ ಗೆರಟೆ ಹಿಡಿಸುವಷ್ಟು ಅಗಲ. ಮುರಕಲ್ಲಿನ ಗೋಡೆ ಏರಿಸುವಾಗ ಸಾರುವೆಯ ಅಡ್ಡಮರ ಊರಲು ಅಲ್ಲಲ್ಲಿ ಸಂದು ಬಿಡುತ್ತಾರೆ. ಕೆಲಸ ಮುಗಿದು ಸಾರುವೆ ಬಿಚ್ಚುವಾಗ ಕಲ್ಲಿನ ಚೂರು, ಮಣ್ಣು ತುಂಬಿ ಮುಚ್ಚುತ್ತಾರೆ. ಇದೊಂದು ಮಾತ್ರ ಹಾಗೇ ಉಳಿದಿತ್ತು. ಅದರ ಕತೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ: ನನ್ನ ಮಾವನ ಅಪ್ಪನಿಗೂ ಮೇಸ್ತ್ರಿಗೂ ಕೊನೆಯ ವಾರದ ಅಕ್ಕಿಯ ಲೆಕ್ಕದಲ್ಲಿ ಮಾತಿಗೆ ಮಾತು ಬೆಳೆದು, ಮೇಸ್ತ್ರಿ ಕರಣೆ ಬಿಸಾಡಿ ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲವಂತೆ.

ನಾನು ಮದುವೆಯಾಗಿ ಬಂದ ವರ್ಷ ಅತ್ತೆ ಆ ತೂತು ತೋರಿಸಿ, "ಆ ಮಾಟೆಯ ಮುಚ್ಚೆಡಿ ಆತಾ, ಮಡಿವಾಳ ಬಕ್ಕು" ಎಂದಿದ್ದರು; ಆ ತೂತು ಮುಚ್ಚಬೇಡಿ, ಮಡಿವಾಳ ಹಕ್ಕಿ ಬರುತ್ತದೆ ಅಂತ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ರಸ್ತೆಯಿಂದ ಒಳಗೆ, ಅಡಿಕೆ ತೋಟದ ತಲೆಯ ಮೇಲೆ ಕೂತ ಮನೆ ನಮ್ಮದು. ಮಡಿವಾಳ ಬಂದರೆ ನಮಗೇನು ಲಾಭ ಎಂದು ಕೇಳುವಷ್ಟು ಸಲಿಗೆ ಆಗ ಇರಲಿಲ್ಲ. ಬಂದದ್ದಂತೂ ಹೌದು. ಶಿವರಾತ್ರಿ ಕಳೆದು ಗೇರುಹಣ್ಣಿನ ವಾಸನೆ ಗುಡ್ಡದಿಂದ ಇಳಿಯತೊಡಗಿದ ಮೇಲೆ ಒಂದು ಬೆಳಗ್ಗೆ, ಐದೂವರೆಯ ಕತ್ತಲಲ್ಲಿ, ಟಿವಿ ಆಂಟೆನಾದ ತುದಿಯಲ್ಲಿ ಕೂತು ಒಂದು ಹಕ್ಕಿ ಹಾಡಲು ಶುರು ಮಾಡುತ್ತಿತ್ತು. ಆಂಟೆನಾ ಹೋಗಿ ಡಿಶ್ ಬಂತು, ಡಿಶ್ ಹೋಗಿ ಕೇಬಲ್ ಬಂತು; ಹಕ್ಕಿ ತೆಂಗಿನ ಒಣಮಡಲಿಗೆ ಜಾಗ ಬದಲಿಸಿತು ಅಷ್ಟೆ.

ಅತ್ತೆ ಹೋಗಿ ಮೂರು ವರ್ಷಕ್ಕೆ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ಬರುವವರು ಬೆಂಗಳೂರಿನವರು. ಮುರಕಲ್ಲಿನ ಬೋಳು ಗೋಡೆ ಈಗ ರಿಸಾರ್ಟುಗಳಲ್ಲಿ ದುಡ್ಡು ಕೊಟ್ಟು ಮಾಡಿಸುವ ಶೋಕಿಯಾಗಿದೆ ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ. ಗಿಲಾವು ಮಾಡಿಸಿ ಬಣ್ಣ ಹೊಡೆಸಬೇಕು ಎಂದು ಹಠ ಹಿಡಿದವಳು ನಾನೇ. ಡಿಸೆಂಬರಿನಲ್ಲಿ ಕೆಲಸ ಶುರುವಾಯಿತು. ಕೆಲಸಕ್ಕೆ ಬಂದಿದ್ದ ಬಂಗಾಳದ ಹುಡುಗರಲ್ಲಿ ಒಬ್ಬ, ಮೀಸೆ ಸರಿಯಾಗಿ ಮೂಡದವನು, ಏಣಿಯ ಮೇಲೆ ನಿಂತು ಆ ತೂತಿಗೆ ಕೈಹಾಕಿ ಒಂದು ಮುಷ್ಟಿ ಒಣಹುಲ್ಲು, ಬೇರು, ತೆಂಗಿನ ನಾರು ಎಳೆದು ತೆಗೆದ. ಅದನ್ನು ಮೂಸಿ ನೋಡಿ ಕೆಳಗಿದ್ದ ನನಗೆ ತೋರಿಸಿ ನಕ್ಕು, "ದೋಯೆಲ್" ಎಂದ. ಮತ್ತೆ ಹರುಕು ಮಲಯಾಳದಲ್ಲಿ ಕೇಳಿದ, ಇದನ್ನೂ ಮುಚ್ಚಬೇಕಾ ಅಂತ.

ಮುಚ್ಚು ಎಂದೆ.

ಅಷ್ಟು ಸಲೀಸಾಗಿ ಹೇಳಿದೆನಲ್ಲ ಎಂದು ಮತ್ತೆ ಎಷ್ಟೋ ಸಲ ಅನಿಸಿದೆ. ಅಡಿಗೆಯವರಿಗೆ ಫೋನ್ ಮಾಡುವುದಿತ್ತು, ಚಪ್ಪರದವನಿಗೆ ಮುಂಗಡ ಕೊಡುವುದಿತ್ತು. ಆ ಕ್ಷಣಕ್ಕೆ ತೂತು ಬರೀ ತೂತೇ ಆಗಿತ್ತು. ದೋಯೆಲ್ ಎಂದರೆ ಬಾಂಗ್ಲಾದೇಶದ ರಾಷ್ಟ್ರಪಕ್ಷಿ, ಅಲ್ಲಿನ ಹಳೆಯ ಎರಡು ಟಾಕಾ ನೋಟಿನ ಮೇಲೆ ಕೂತಿದ್ದ ಹಕ್ಕಿ, ನಮ್ಮ ಮಡಿವಾಳವೇ ಅದು ಎಂದು ಗೊತ್ತಾದದ್ದು ಕೂಡ ಆಮೇಲೆ. ಆ ಹುಡುಗ ತನ್ನ ಊರಿನ ಹಕ್ಕಿಯ ಮನೆಯನ್ನು ಸಿಮೆಂಟು ಹಾಕಿ ಮುಚ್ಚುವ ಮೊದಲು ಒಮ್ಮೆ ನನ್ನನ್ನು ಕೇಳಿದ್ದ.

ಮಾರ್ಚ್ ಮೊದಲ ವಾರ ಅವು ಬಂದವು. ಗಂಡು ಮಡಲಿನ ಮೇಲೆ ಹಾಡುತ್ತಿತ್ತು, ಅದಕ್ಕೇನೂ ತೊಂದರೆಯಾದಂತೆ ಕಾಣಲಿಲ್ಲ. ಹೆಣ್ಣು ಮಾತ್ರ ಪಡುಗೋಡೆಗೆ ಹಾರಿ ಬಂತು. ತೂತಿದ್ದ ಜಾಗಕ್ಕೆ ಸರಿಯಾಗಿ, ಒಂದು ಗೇಣು ಆಚೆ ಈಚೆ ಇಲ್ಲದೆ. ಉಗುರು ಊರಲು ಏನೂ ಸಿಗದೆ ರೆಕ್ಕೆ ಬಡಿಯುತ್ತ ಒಂದೆರಡು ಗಳಿಗೆ ಗಾಳಿಯಲ್ಲೇ ನಿಂತು, ಜಾರಿ ಕೆಳಗಿಳಿದು, ದಾಸವಾಳದ ಗಿಡದಲ್ಲಿ ಕೂತು ಮತ್ತೆ ಹಾರಿತು. ಬೆಳಗ್ಗೆ ಎಂಟೋ ಹತ್ತೋ ಸಲ. ನಾಲ್ಕು ದಿನ ಹೀಗೇ ನಡೆಯಿತು. ಹೊಸ ಬಿಳಿ ಬಣ್ಣದ ಮೇಲೆ ಅದರ ಉಗುರಿನ ಗೀರುಗಳು ಬಿದ್ದವು. ಹತ್ತಿರ ಹೋಗಿ ನೋಡಿದರೆ ಈಗಲೂ ಕಾಣುತ್ತವೆ.

ಮಡಿವಾಳಕ್ಕೆ ತೂತು ಕೊರೆಯಲು ಬರುವುದಿಲ್ಲ. ಕೊಕ್ಕು ಹುಳ ಹೆಕ್ಕುವುದಕ್ಕೆ ಮಾಡಿದ್ದು, ಮರ ಕುಟ್ಟುವುದಕ್ಕಲ್ಲ. ಬೇರೆಯವರು ಮಾಡಿಟ್ಟದ್ದು, ಬಿಟ್ಟು ಹೋದದ್ದು, ತಾನಾಗಿ ಕೊಳೆತು ಪೊಳ್ಳಾದದ್ದು ಇವನ್ನೇ ಹುಡುಕಬೇಕು. ಕಾಡಿನಲ್ಲಾದರೆ ಮರದ ಗೆಣ್ಣು ಕೊಳೆತ ಜಾಗ. ತೋಟದಲ್ಲಿ ಕುಟ್ರು ಹಕ್ಕಿ ಹಾಲಿವಾಣದ ಒಣಗೆಲ್ಲಿನಲ್ಲಿ ಕೊರೆದು ಬಿಟ್ಟ ಗುಂಡು ತೂತು, ಮರಕುಟಿಗ ಸತ್ತ ಅಡಿಕೆಮರದಲ್ಲಿ ಮಾಡಿದ ಪೊಟರೆ. ಇದರ ಕಾಡಿನ ದಾಯಾದಿ ಶಾಮನದ್ದೂ ಇದೇ ಜಾತಕ. ಅದು ಬಿದಿರುಮೆಳೆಯ ನಡುವಿನ ಪೊಳ್ಳು, ಮೋಟುಮರದ ಬಿರುಕು ಹುಡುಕುತ್ತದೆ. ರಾಣಿಪುರದ ಕಡೆ ಮಳೆಗಾಲದಲ್ಲಿ ಶಾಲೆ ತಪ್ಪಿಸಿದ ಹುಡುಗನ ಹಾಗೆ ಸಿಳ್ಳೆ ಹಾಕುವ ಸರಳೆ ಸಿಳ್ಳಾರ ಮಾತ್ರ ಈ ಗೊಡವೆಗೇ ಹೋಗದೆ ತೊರೆಯ ದಡದ ಬಂಡೆಸಂದಿನಲ್ಲಿ ಹಾವಸೆ, ಬೇರು ಸೇರಿಸಿ ಬಟ್ಟಲು ಕಟ್ಟುತ್ತದೆ, ಅದೂ ಧೋ ಎಂದು ಮಳೆ ಸುರಿಯುವಾಗ. ಆ ಹಕ್ಕಿಯ ಧೈರ್ಯವೇ ಬೇರೆ.

ಮಡಿವಾಳಕ್ಕೆ ಮಾರ್ಚಿನಿಂದ ಜುಲೈ ಎನ್ನುವುದು ಲೆಕ್ಕ. ನಮ್ಮಲ್ಲಿ ಮಳೆ ಹಿಡಿಯುವ ಮೊದಲೇ ಒಂದು ಸುತ್ತು ಮುಗಿಸುವ ಆತುರ ಇರುತ್ತದೆ. ಆ ಆತುರಕ್ಕೆ ಸರಿಯಾಗಿ ತೂತು ಸಿಗಬೇಕು. ಸಿಗುವುದು ಎಲ್ಲಿ? ಹಳದಿ ರೋಗ ಬಂದು ಕೊಡಿ ಹೋದ ಅಡಿಕೆಮರ ಮೊದಲೆಲ್ಲ ಅದರಷ್ಟಕ್ಕೇ ಬೀಳುವವರೆಗೆ ನಿಂತಿರುತ್ತಿತ್ತು. ಈಗ ಮಳೆಗಾಲಕ್ಕೆ ಮೊದಲು ಕಡಿದು ತೋಟ ಚೊಕ್ಕ ಮಾಡುತ್ತೇವೆ. ಮಣ್ಣಿನ ಗೋಡೆಗಳು ಹೋದವು, ಹುಲ್ಲಿನ ಮಾಡು ಹೋಯಿತು, ಗದ್ದೆಯ ಬದಿಯ ಮುದಿ ಮಾವು ರಸ್ತೆ ಅಗಲವಾಗುವಾಗ ಹೋಯಿತು. ಉಳಿದ ಒಂದೆರಡು ಪೊಟರೆಗೆ ಮೈನಾಗಳು ಪಾಳಿ ಹಚ್ಚುತ್ತವೆ, ಮತ್ತು ಮೈನಾದ ಹತ್ತಿರ ಮಾತಾಡಿ ಗೆದ್ದವರಿಲ್ಲ.

ನನ್ನ ಮುಖ ನೋಡಿ ಯಜಮಾನರು ಸತ್ತ ಅಡಿಕೆಮರದ ಎರಡು ಅಡಿ ತುಂಡು ಕಡಿದು, ಒಳಗಿನ ತಿರುಳು ಕೆರೆದು, ಒಂದು ಬದಿ ಹಲಗೆ ಬಡಿದು, ತೂತು ಮಾಡಿ ಪಡು ಜಗಲಿಯ ಕಂಬಕ್ಕೆ ಕಟ್ಟಿದರು. ಇಬ್ಬರೂ ಎರಡು ವಾರ ಕಾದೆವು. ಅದರಲ್ಲಿ ಕಣಜದ ಹುಳ ಗೂಡು ಕಟ್ಟಿತು. ಕೊನೆಗೆ ಅದನ್ನೂ ಬಿಚ್ಚಿ ಬೂದಿ ಮಾಡಿದ್ದಾಯಿತು.

ಏಪ್ರಿಲ್ ನಾಲ್ಕರ ಸಂಜೆ ನಾನು ಮೋಟಾರು ಹಾಕಲು ಪಂಪ್‌ಶೆಡ್ಡಿಗೆ ಇಳಿದೆ. ಶೆಡ್ಡಿನ ಒಳಗೋಡೆಯಲ್ಲಿ ಎರಡು ಸ್ಟಾರ್ಟರ್ ಪೆಟ್ಟಿಗೆಗಳಿವೆ. ಒಂದು ಹೊಸತು, ಹಸಿರು ಕೆಂಪು ಗುಂಡಿ ಇರುವಂಥದ್ದು. ಇನ್ನೊಂದು ಅದರ ಪಕ್ಕ ಒಂದು ಮೊಳ ದೂರದಲ್ಲಿ, ಸಿಡಿಲಿಗೆ ಸುಟ್ಟು ವಯರು ಕಿತ್ತುಹಾಕಿದ ಹಳೆಯ ಕಬ್ಬಿಣದ ಪೆಟ್ಟಿಗೆ. ಒಳಗಿನ ಸಾಮಾನೆಲ್ಲ ತೆಗೆದಿದೆ, ಬಾಗಿಲು ಒಂದೇ ತಿರುಗಣೆಯಲ್ಲಿ ಜೋತಾಡುತ್ತಿದೆ. ಗುಜರಿಯವನಿಗೆ ಕೊಡಬೇಕು ಎಂದು ವರ್ಷವೆಷ್ಟೋ ಆಯಿತು. ಹಸಿರು ಗುಂಡಿಗೆ ಕೈ ಚಾಚಿದ್ದೆ. ಜೋತ ಬಾಗಿಲಿನ ಸಂದಿನಿಂದ ಏನೋ ಪುರ್ರೆಂದು ನನ್ನ ಕಿವಿಯ ಹತ್ತಿರವೇ ಹಾರಿ ಹೊರಗೆ ಹೋಯಿತು. ಹಾವೋ ಎಂದು ಎದೆ ಧಸಕ್ಕೆಂದಿತು. ಇಣುಕಿದರೆ ಪೆಟ್ಟಿಗೆಯ ತಳದಲ್ಲಿ ಗರಿಕೆಹುಲ್ಲು, ಬೇರು, ಅಡಿಕೆ ಹಾಳೆಯ ನಾರು, ನಡುವೆ ಮೊದಲ ಹೊದಿಕೆ ಹಾಕಿದಷ್ಟು ಗುಳಿ.

ಇಲ್ಲಿಂದ ಮುಂದೆ ಐದು ವಾರ ದಿನಾ ಎರಡು ಹೊತ್ತು, ಒಂದು ಮೊಳ ದೂರದಿಂದ, ಆ ಹಕ್ಕಿಯನ್ನು ನೋಡುವ ಯೋಗ ನನಗೆ ಬಂತು. ಏಪ್ರಿಲಿನಲ್ಲಿ ತೋಟಕ್ಕೆ ನೀರು ಬಿಡದೆ ಇರುವಂತಿಲ್ಲ, ವೋಲ್ಟೇಜು ಸರಿ ಇರುವುದು ನಸುಕಿನಲ್ಲಿ ಮತ್ತು ಕತ್ತಲಾಗುವ ಹೊತ್ತಿಗೆ ಮಾತ್ರ. ಅದಕ್ಕೂ ಬೇರೆ ಜಾಗವಿಲ್ಲ, ನನಗೂ ಬೇರೆ ಸ್ಟಾರ್ಟರಿಲ್ಲ. ಮೊದಲ ನಾಲ್ಕು ದಿನ ಮೋಟಾರು 'ಟಕ್' ಎಂದು ಹಿಡಿಯುವಾಗಲೆಲ್ಲ ಹಾರಿಹೋಗುತ್ತಿತ್ತು. ಐದನೆಯ ದಿನ ಹಾರಲಿಲ್ಲ. ಗೂಡಿನೊಳಗೆ ಇನ್ನಷ್ಟು ಚಪ್ಪಟೆಯಾಗಿ ಕೂತು, ಒಂದು ಕಣ್ಣಿನಿಂದ ನನ್ನ ಕೈಯನ್ನೇ ನೋಡಿತು. ನನ್ನ ಮುಖವನ್ನಲ್ಲ, ಗುಂಡಿ ಒತ್ತುವ ಕೈಯನ್ನು.

ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಮಡಿವಾಳವನ್ನು ನೋಡಿದ್ದೇನೆ ಅಂತಿದ್ದೆನಲ್ಲ, ನಾನು ನೋಡಿದ್ದು ಗಂಡನ್ನು. ಎಲ್ಲರೂ ನೋಡುವುದು ಅದನ್ನೇ. ಕಾಡಿಗೆ ಕಪ್ಪು ತಲೆ, ಬೆನ್ನು, ಕತ್ತು, ಹಾಲಿನಂಥ ಹೊಟ್ಟೆ, ರೆಕ್ಕೆಯ ಮೇಲೆ ಬಿಳಿ ಪಟ್ಟಿ, ಸೆಟೆದು ನೆಟ್ಟಗೆ ನಿಲ್ಲಿಸಿದ ಬಾಲ. ಕೊಕ್ಕಿನಿಂದ ಬಾಲದವರೆಗೆ ಬರೀ 19 ಸೆಂಟಿಮೀಟರ್, ಆದರೆ ಜಂಬ ಅಟ್ಟದಷ್ಟು. ಹೆಣ್ಣಿಗೆ ಆ ಕಪ್ಪಿಲ್ಲ. ಅದೇ ಅಂಗಿಯನ್ನು ನೂರು ಸಲ ಸಾಬೂನು ಹಾಕಿ ಒಗೆದರೆ ಹೇಗೆ ಮಾಸುತ್ತದೋ ಆ ಬೂದಿ. ಎದೆಯೂ ಬೂದಿ. ಹೊಟ್ಟೆಯ ಬಿಳಿಯೂ ಅಷ್ಟು ಖಡಕ್ಕಲ್ಲ. ಗೋಡೆಯ ತೂತಿಗೆ ಹುಲ್ಲು ಹೊತ್ತದ್ದು, ಒಳಗೆ ಕೂತದ್ದು, ಸಿಮೆಂಟಿನ ಮೇಲೆ ಉಗುರು ಸವೆಸಿದ್ದು ಎಲ್ಲ ಇದೇ.

ಹೆಸರಿನ ವಿಷಯ ಬಂತು ನೋಡಿ. ಕನ್ನಡದಲ್ಲಿ ಇದು ಮಡಿವಾಳ. ಬಟ್ಟೆ ಒಗೆದು ಮಡಿ ಮಾಡುವವನು. ಗಡಿಯ ಈಚೆ ಮಲಯಾಳದಲ್ಲಿ ಇದೇ ಹಕ್ಕಿ ಮಣ್ಣಾತ್ತಿಪ್ಪುಳ್ಳ್, ಕೆಲವರ ಬಾಯಲ್ಲಿ ವಣ್ಣಾತ್ತಿಪ್ಪುಳ್ಳ್. ಅರ್ಥ ಅದೇ, ಬಟ್ಟೆ ಒಗೆಯುವವಳು. ಎರಡು ಭಾಷೆಯವರೂ ಒಂದೇ ಹಕ್ಕಿಯನ್ನು ನೋಡಿ ಒಂದೇ ಕಸುಬನ್ನು ನೆನಪಿಸಿಕೊಂಡಿದ್ದಾರೆ, ಕಪ್ಪಿನ ಪಕ್ಕದ ಆ ಬಿಳಿಯಿಂದಲೇ ಇರಬೇಕು. ಆದರೆ ನಾವು ಗಂಡೆಂದೆವು, ಅವರು ಹೆಣ್ಣೆಂದರು. ಒಂದೇ ಪಂಚಾಯತಿನಲ್ಲಿ, ಒಂದೇ ತಂತಿಯ ಮೇಲೆ ಕೂತ ಹಕ್ಕಿಗೆ ನಮ್ಮ ಮನೆಯಲ್ಲಿ ಒಂದು ಲಿಂಗ, ಬೇಲಿಯಾಚೆ ಇನ್ನೊಂದು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ ಒಂದರಿಂದ ಈ ಊರಿನಲ್ಲಿ ಯಾವ ಬೋರ್ಡು ಯಾವ ಭಾಷೆಯಲ್ಲಿ ಎಂಬ ಜಗಳ ಕೇಳಿ ಕೇಳಿ ಕಿವಿ ದಪ್ಪವಾಗಿದೆ. ಈ ಒಂದು ವಿಷಯದಲ್ಲಿ ನಾನು ಗುಟ್ಟಾಗಿ ಮಲಯಾಳದ ಪಕ್ಷ ಸೇರಿದ್ದೇನೆ.

ಇದರ ಶಾಸ್ತ್ರೀಯ ಹೆಸರಿನದ್ದು ಇನ್ನೂ ಮಜದ ಕತೆ. ಕೋಪ್ಸಿಕಸ್ ಸೌಲಾರಿಸ್. 1758ರಲ್ಲಿ ಲಿನೇಯಸ್ ಇಟ್ಟದ್ದು 'ಸೌಲಾರಿಸ್' ಎಂಬ ಪದ. ಉತ್ತರದವರು ದಹಿಯಲ್, ದಯಾಲ್ ಎನ್ನುವುದನ್ನು ಇಂಗ್ಲಿಷರು 'ಡಯಲ್' ಎಂದು ಕೇಳಿಸಿಕೊಂಡರು; ಅದರಿಂದ ಸೂರ್ಯಗಡಿಯಾರಕ್ಕೂ ಹಕ್ಕಿಗೂ ಗಂಟು ಬಿತ್ತು. ಲಿನೇಯಸ್ 'ಸೋಲಾರಿಸ್' ಎಂದು ಬರೆಯಲು ಹೋಗಿ ಕೈತಪ್ಪಿ ಸೌಲಾರಿಸ್ ಬರೆದ ಎಂದು ಪಕ್ಷಿತಜ್ಞ ಜೆರ್ಡನ್ ತೀರ್ಮಾನಿಸಿಬಿಟ್ಟ. ಇನ್ನೊಬ್ಬ ಪಕ್ಷಿತಜ್ಞ ಎಡ್ವರ್ಡ್ ಬ್ಲೈತ್ ಅದನ್ನು ಒಪ್ಪಲಿಲ್ಲ. ಮದರಾಸಿನಲ್ಲಿದ್ದ ಬಲ್ಕ್‌ಲಿ ಎಂಬ ವೈದ್ಯ ಬಹಳ ಹಿಂದೆಯೇ ಒಂದು ಗಂಡುಹಕ್ಕಿಯನ್ನು 'ಸೌಲಾರಿ' ಎಂಬ ಹೆಸರಿನೊಂದಿಗೆ ಇಂಗ್ಲೆಂಡಿಗೆ ಕಳಿಸಿದ್ದ, ಅದರ ಅರ್ಥ ನೂರು ಹಾಡು ಎಂದು ಬ್ಲೈತ್ ತೋರಿಸಿದ. ಅಲ್ಲಿಯೂ ಕಳಿಸಿದ್ದು ಗಂಡನ್ನೇ, ಹೆಸರು ಬಿದ್ದದ್ದು ಹಾಡಿಗೇ. ನಮ್ಮ ಜಿಲ್ಲೆಗೆ ಈಗ ಅಧಿಕೃತ ಹಕ್ಕಿಯೊಂದು ಬೇರೆ ಇದೆ, ಬಿಳಿಹೊಟ್ಟೆಯ ಕಡಲಹದ್ದು. ಮರ ಕಾಸರಕ, ಊರಿಗೆ ಹೆಸರು ಬಂದದ್ದೇ ಅದರಿಂದ ಎನ್ನುವವರಿದ್ದಾರೆ, ಹಾಗಾಗಿ ಅದರ ಬಗ್ಗೆ ತಕರಾರಿಲ್ಲ. ಹದ್ದನ್ನು ನಾನು ಕಂಡದ್ದು ಕುಂಬಳೆಯ ಕಡಲಬದಿಯಲ್ಲಿ ಎರಡೇ ಸಲ.

ಏಪ್ರಿಲ್ ಒಂಬತ್ತರ ಬೆಳಗ್ಗೆ ಮೊದಲ ಮೊಟ್ಟೆ. ಮಾಸಿದ ನೀಲಿಹಸಿರು, ಮೇಲೆ ಕಂದು ಚುಕ್ಕೆ. ಒಂದು ತುದಿಯಲ್ಲಿ ಚುಕ್ಕೆಗಳು ಒತ್ತೊತ್ತಾಗಿ, ಯಾರೋ ಕಾಫಿಪುಡಿ ಉದುರಿಸಿದ ಹಾಗೆ. ಮರುದಿನ ಎರಡು, ಅದರ ಮರುದಿನ ಮೂರು. ಇಪ್ಪತ್ತನಾಲ್ಕು ಗಂಟೆಗೆ ಒಂದರಂತೆ ಲೆಕ್ಕ ತಪ್ಪದೆ ಹನ್ನೆರಡನೇ ತಾರೀಕಿಗೆ ನಾಲ್ಕು. ವಿಷುವಿನ ಬೆಳಗ್ಗೆ ಕಣಿ ನೋಡಿ, ಪಾಯಸಕ್ಕೆ ಬೆಲ್ಲ ಕರಗಲು ಇಟ್ಟು, ಹಾಗೇ ಮೋಟಾರು ಹಾಕಲು ಹೋದಾಗ ಅದು ಕಾವು ಕೂತಿತ್ತು. ಕಾವು ಕೊಡುವುದು ಹೆಣ್ಣೊಂದೇ. ಗಂಡು ಒಂದು ದಿನವೂ ಪೆಟ್ಟಿಗೆಯೊಳಗೆ ಕೂತದ್ದನ್ನು ಕಾಣಲಿಲ್ಲ. ಹಸಿವಾದಾಗ ಇದೇ ಹೊರಗೆ ಬಂದು, ಸ್ಪ್ರಿಂಕ್ಲರಿನ ನೀರು ಬಿದ್ದು ಒದ್ದೆಯಾದ ಸೋಗೆಯ ಮೇಲೆ ಹತ್ತು ನಿಮಿಷ ಹುಳ ಹೆಕ್ಕಿ, ಕೆಸುವಿನ ಎಲೆಯ ಮೇಲೆ ನಿಂತ ನೀರಿನಲ್ಲಿ ಮೈ ಉಜ್ಜಿ, ಕೊಡವಿ, ಓಡಿ ಬರುತ್ತಿತ್ತು. ಆ ಅವಸರದ ಸ್ನಾನ ನನಗೆ ಗೊತ್ತಿರುವಂಥದ್ದೇ.

ಹಾಗಂತ ಗಂಡು ಸುಮ್ಮನಿತ್ತು ಎಂದರೆ ಅನ್ಯಾಯವಾದೀತು. ಕಾವಲು ಅದರದ್ದು. ತೋಟದ ಒಂದು ತುದಿಯಿಂದ ಇನ್ನೊಂದಕ್ಕೆ ದಿನವಿಡೀ ಗಸ್ತು. ಮಟಪಕ್ಷಿ ಬಂದರೆ 'ಕ್ರ್‌ಶ್ ಕ್ರ್‌ಶ್' ಎಂದು ಹಲ್ಲು ಕಡಿದ ಹಾಗೆ ಬೈದು ಅಟ್ಟಿಸಿಕೊಂಡು ಹೋಗುತ್ತಿತ್ತು. ಹಾಡುವಾಗ ನಡುನಡುವೆ ಬೇರೆ ಹಕ್ಕಿಗಳ ದನಿ ಸೇರಿಸುವ ಚಟ; ಒಂದು ಸಲ ಪಿಕಳಾರ ಅಂದುಕೊಂಡು ತಿರುಗಿ ನೋಡಿದರೆ ಇದೇ ಇತ್ತು. ಅದರ ದೊಡ್ಡ ಶತ್ರು ಮಾತ್ರ ಯಜಮಾನರ ಸ್ಕೂಟರಿನ ಕನ್ನಡಿಯಲ್ಲಿತ್ತು. ಬೆಳಗ್ಗೆ ಏಳರಿಂದ ಎಂಟರವರೆಗೆ ಕನ್ನಡಿಯೊಳಗಿನ ಗಂಡಿನ ಜತೆ ಜಗಳ, ಕುಟ್ಟುವುದು, ಹಿಂದೆ ಹೋಗಿ ಹುಡುಕುವುದು, ಸಿಗದ ಸಿಟ್ಟಿಗೆ ಸೀಟಿನ ಮೇಲೆ ಹಿಕ್ಕೆ ಹಾಕುವುದು. ಕೊನೆಗೆ ಎರಡೂ ಕನ್ನಡಿಗೆ ಹಾಲಿನ ತೊಟ್ಟೆ ಕಟ್ಟಿದೆವು. ಅದನ್ನು ಬಿಚ್ಚಲು ಮರೆತು ಅವರು ಹಾಗೇ ಬದಿಯಡ್ಕ ಪೇಟೆಗೆ ಹೋಗಿ ಬಂದದ್ದೂ ಇದೆ.

ಹನ್ನೆರಡನೇ ದಿನ, ಏಪ್ರಿಲ್ ಇಪ್ಪತ್ತನಾಲ್ಕಕ್ಕೆ, ಮೂರು ಮೊಟ್ಟೆ ಒಡೆದವು. ನಾಲ್ಕನೆಯದು ಹಾಗೇ ಉಳಿಯಿತು. ಮರಿಗಳೆಂದರೆ ಹುಟ್ಟಿದ ದಿನ ನೋಡಲು ಏನೂ ಚಂದವಿಲ್ಲ. ಕಣ್ಣು ಮುಚ್ಚಿದ, ಕೂದಲಿಲ್ಲದ, ನಸುಗೆಂಪು ಮಾಂಸದ ಮುದ್ದೆಗೆ ಒಂದು ದೊಡ್ಡ ಬಾಯಿ ಅಂಟಿಸಿದ ಹಾಗೆ. ಸ್ಟಾರ್ಟರ್ 'ಟಕ್' ಎಂದರೆ ಸಾಕು, ಅಮ್ಮನೇ ಬಂದಳು ಎಂದು ಮೂರೂ ಕತ್ತು ಚಾಚಿ ಬಾಯಿ ತೆರೆಯುತ್ತಿದ್ದವು. ಬಾಯಿಯೊಳಗೆಲ್ಲ ಹಳದಿ. ಮೋಟಾರಿನ ಸದ್ದನ್ನು ಅನ್ನದ ಸದ್ದೆಂದು ತಿಳಿದ ಮಕ್ಕಳು. ಅಡಿಕೆ ಬೆಳೆಗಾರರ ಮನೆಯವೇ ಸರಿ.

ಮತ್ತೆ ನಾನು ಕಂಡದ್ದನ್ನು ಹೇಗೆ ಬರೆಯುವುದೋ. ಮೂರನೆಯ ದಿನವೋ ನಾಲ್ಕನೆಯದೋ, ಹೆಣ್ಣು ಒಂದು ಹಸಿರು ಹುಳ ತಂದು ಒಂದು ಬಾಯಿಗೆ ಹಾಕಿತು. ಹಾಕಿದ ಮೇಲೆ ಹಾರಿಹೋಗಲಿಲ್ಲ. ಕಾದು ನಿಂತಿತು. ಹುಳ ನುಂಗಿದ ಮರಿ ನಿಧಾನಕ್ಕೆ ತಿರುಗಿ ಕುಂಡೆ ಎತ್ತಿತು. ಅಲ್ಲಿಂದ ಒಂದು ಬಿಳಿ ಗುಳಿಗೆ ಹೊರಬಂತು, ತೆಳು ಪೊರೆಯೊಳಗೆ ಸುತ್ತಿಟ್ಟ ಹಾಗೆ, ಸೋರದೆ, ಹರಡದೆ. ತಾಯಿ ಅದು ಗೂಡಿಗೆ ತಾಗುವ ಮೊದಲೇ ಕೊಕ್ಕಿನಲ್ಲಿ ಹಿಡಿದು, ಶೆಡ್ಡಿನಿಂದ ಹೊರಗೆ, ಕಣಿ ದಾಟಿ, ಬಾಳೆಯ ಬುಡದ ಆಚೆ ಬಿಸಾಡಿ ಬಂತು. ಮರಿಹಕ್ಕಿಗಳ ಹಿಕ್ಕೆ ಹೀಗೆ ಚೀಲ ಕಟ್ಟಿಕೊಂಡೇ ಬರುತ್ತದೆ, ಎತ್ತಿ ಒಯ್ಯಲು ಅನುಕೂಲವಾಗಲೆಂದು. ಗೂಡಿನಲ್ಲಿ ಬಿದ್ದರೆ ವಾಸನೆ, ಇರುವೆ, ಹಾವು. ಗಂಡೂ ಒಂದೆರಡು ಸಲ ಒಯ್ದದ್ದನ್ನು ನೋಡಿದ್ದೇನೆ. ಆದರೆ ಆ ಭಾನುವಾರ ಬೆಳಗ್ಗೆ ಶೆಡ್ಡಿನ ಹೊರಗೆ ಅಡಿಕೆ ಸುಲಿಯುತ್ತ ಕೂತು ಒಂದು ಗಂಟೆ ಲೆಕ್ಕ ಹಾಕಿದೆ: ಹುಳ ತಂದದ್ದು ಹೆಣ್ಣು ಹದಿನಾಲ್ಕು ಸಲ, ಗಂಡು ಐದು ಸಲ. ಹಿಕ್ಕೆ ಒಯ್ದದ್ದು ಹೆಣ್ಣು ಆರು ಸಲ, ಗಂಡು ಒಂದು ಸಲ. ಆ ಒಂದು ಸಲ ಒಯ್ದ ಮೇಲೆ ತೆಂಗಿನ ಮೇಲೆ ಕೂತು ಐದು ನಿಮಿಷ ಹಾಡಿತು.

ಮಗಳು ಹುಟ್ಟಿದಾಗ ತೊಟ್ಟಿಲ ಬಟ್ಟೆಗಳನ್ನು ತೋಟದ ತೋಡಿನಲ್ಲಿ ಒಗೆಯುತ್ತಿದ್ದೆ, ನಸುಕಿಗೇ ಎದ್ದು. ಆ ಹೊತ್ತಿಗೆ ಮೇಲಿನಿಂದ ಇದೇ ಗಂಡಿನ ಅಜ್ಜನೋ ಮುತ್ತಜ್ಜನೋ ಹಾಡುತ್ತಿತ್ತು. ಎಂಥ ಹಾಡು ಎಂದು ಬಟ್ಟೆ ಕಲ್ಲಿನ ಮೇಲೆ ಬಿಟ್ಟು ತಲೆಯೆತ್ತಿ ಕೇಳಿದ್ದೂ ಇದೆ. ಪಕ್ಕದ ಪೊದೆಯಲ್ಲಿ ಇನ್ನೊಂದು ಇದ್ದಿರಲೇಬೇಕು, ಕೊಕ್ಕಿನಲ್ಲಿ ಬಿಳಿ ಗುಳಿಗೆ ಹಿಡಿದುಕೊಂಡು. ಅದನ್ನು ನಾನು ಕಂಡ ನೆನಪಿಲ್ಲ.

ಆಹಾರದ ಪಟ್ಟಿ ಬರೆಯುವುದಾದರೆ ಪುಟ ಬೇಕು. ಕಂಬಳಿಹುಳ, ಮಿಡತೆ, ಜಿರಲೆ, ಎರೆಹುಳ. ಒಂದು ಸಲ ಒಂದು ಸಣ್ಣ ಹಲ್ಲಿಯನ್ನೇ ತಂದು, ಶೆಡ್ಡಿನ ಹೊಸ್ತಿಲಿಗೆ ಬಡಿದು ಬಡಿದು ಮೆತ್ತಗೆ ಮಾಡಿ ಕೊಟ್ಟಿತು. ಮೂರು ಬಾಯಿಗೆ ಬೆಳಗಿನಿಂದ ಕತ್ತಲವರೆಗೆ ಇಷ್ಟು ಹುಳ ಸಿಗಬೇಕಾದರೆ ತೋಟದಲ್ಲಿ ಹುಳ ಇರಬೇಕಲ್ಲ. ನಮ್ಮಿಂದ ಹೆಚ್ಚು ದೂರವೇನಿಲ್ಲ ಪಡ್ರೆ, ಸ್ವರ್ಗ. ಅಲ್ಲಿನ ಗೇರುಗುಡ್ಡಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಜೇನು ಹೋಯಿತು, ಹಕ್ಕಿ ಹೋಯಿತು ಎಂದು ಆ ಕಡೆಯ ನೆಂಟರು ಹೇಳುವಾಗ ನಾವು ಮನುಷ್ಯರ ಕಷ್ಟವನ್ನೇ ಕೇಳಿ ಮುಗಿಸಲಾರದೆ ಹಕ್ಕಿಯ ಮಾತಿಗೆ ಬರುತ್ತಲೇ ಇರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿತು. ಇಷ್ಟು ಮಾತ್ರ ಇಲ್ಲಿ ಸಾಕು.

ಮೇ ಎರಡಕ್ಕೆ ಕೇರೆಹಾವು ಬಂತು. ಇದರ ಹೆದರಿಕೆ ನನಗೆ ಮೊದಲಿನಿಂದಲೂ ಇತ್ತು, ಯಾಕೆಂದರೆ ಗೋಡೆಯ ತೂತಿನ ಕಾಲದಲ್ಲಿ ಒಂದು ವರ್ಷ ಮಾಡಿನ ಪಕಾಸಿನಿಂದ ಇಳಿದ ಕೇರೆ ಐದು ಮರಿಗಳನ್ನೂ ಒಂದೊಂದಾಗಿ ನುಂಗಿದ್ದನ್ನು ಅತ್ತೆಯೂ ನಾನೂ ಕೆಳಗೆ ನಿಂತು ನೋಡಿದ್ದೆವು. ಕೋಲು ತರಲು ಓಡಿದ ನನ್ನನ್ನು ಅತ್ತೆ ತಡೆದಿದ್ದರು. ಅದಕ್ಕೂ ಹೊಟ್ಟೆ ಇದ್ದಲ್ಲದಾ ಎಂದಿದ್ದರು. ಈ ಸಲ ತಡೆಯುವವರಿರಲಿಲ್ಲ. ಗಂಡು ಹೆಣ್ಣು ಎರಡೂ ಶೆಡ್ಡಿನ ಮೇಲೆ ಕಿರುಚಾಡುತ್ತಿದ್ದವು, ಪಿಕಳಾರ, ಹರಟೆಮಲ್ಲಗಳೆಲ್ಲ ಜತೆಗೂಡಿ ಗಲಾಟೆ. ಹಾವು ಪೈಪಿನ ಮೇಲೆ ಅರ್ಧ ಏರಿತ್ತು. ನಾನು ತತ್ತ್ವ ಎಲ್ಲ ಬದಿಗಿಟ್ಟು ಹಸಿರು ಗುಂಡಿ ಒತ್ತಿಬಿಟ್ಟೆ. ಪೈಪು ಒಮ್ಮೆಲೇ ಅದುರಿತು. ಹಾವು ಸಡಿಲವಾಗಿ ಕೆಳಗೆ ಬಿದ್ದು, ಬಿದ್ದ ಅವಮಾನಕ್ಕೆ ಎಂಬಂತೆ ಹಿಂದೆ ನೋಡದೆ ತೋಡಿಗೆ ಇಳಿಯಿತು. ಮಾಡಿದ್ದು ಸರಿಯೋ ತಪ್ಪೋ, ಅತ್ತೆ ಇದ್ದಿದ್ದರೆ ಬೈಯುತ್ತಿದ್ದರು.

ಅಕ್ಕನ ಮಗ ಫೋಟೊ ಕಳಿಸಿ ಎಂದು ದಿನಾ ಮೆಸೇಜು ಹಾಕುತ್ತಿದ್ದ, ಸ್ಟೇಟಸ್ಸಿಗೆ. ಕಳಿಸಲಿಲ್ಲ. ಮೋಟಾರಿಗೆ ಹೋಗುವುದು ಹೇಗೂ ತಪ್ಪದು. ಅದರ ಮೇಲೆ ಫ್ಲಾಶ್ ಹಾಕಿ ಮಕ್ಕಳ ಕಣ್ಣಿಗೆ ಹೊಡೆಯುವುದು ಬೇಡ ಅನಿಸಿತು. ಬೆಕ್ಕಿಗೂ ನಮ್ಮ ಹೆಜ್ಜೆ ದಾರಿ ತೋರಿಸುತ್ತದೆ.

ಮೇ ಎಂಟರ ಬೆಳಗ್ಗೆ ಪೆಟ್ಟಿಗೆಯ ಬಾಗಿಲಿನ ಅಂಚಿನಲ್ಲಿ ಒಂದು ಮರಿ ಕೂತಿತ್ತು. ತಲೆ, ಬೆನ್ನು ಕಂದು, ಮೀನಿನ ಪೊರೆ ಹಚ್ಚಿದ ಹಾಗೆ ಚುಕ್ಕೆ. ಬಾಲವೆಂದು ಕರೆಯುವಂಥದ್ದೇನೂ ಇಲ್ಲ, ಆದರೂ ಇದ್ದಷ್ಟನ್ನೇ ಎತ್ತಿ ನಿಲ್ಲಿಸಿತ್ತು. ಹೆಣ್ಣು ಶೆಡ್ಡಿನ ಹೊರಗೆ ಕೊಕ್ಕಿನಲ್ಲಿ ಹುಳ ಹಿಡಿದು ಕರೆಯುತ್ತಿತ್ತು, ಒಳಗೆ ಬಂದು ಕೊಡದೆ. ಮರಿ ಹಾರಿದ್ದಲ್ಲ, ಬಿದ್ದದ್ದು. ಬಿದ್ದು, ಕುಪ್ಪಳಿಸಿ, ಹಳೆ ಪೈಪುಗಳ ರಾಶಿಯ ಮೇಲೆ ಹತ್ತಿತು. ಸಂಜೆ ಹೋಗುವಾಗ ಮೂರೂ ಇರಲಿಲ್ಲ. ಗೂಡಿನಲ್ಲಿ ಒಡೆಯದ ಮೊಟ್ಟೆಯೊಂದು. ಈ ಹಕ್ಕಿಯ ಗೂಡಿಗೆ ಅದರದ್ದೇ ಒಂದು ವಾಸನೆ ಇರುತ್ತದೆ ಎಂದು ಓದಿದ್ದೆ. ಮುಖ ಹತ್ತಿರ ತಂದು ಮೂಸಿದೆ. ಗಂಜಿ ಹಾಕಿ ಸರಿ ಒಣಗದ ಬಟ್ಟೆ, ಹಸಿ ಬೇರು, ಸ್ವಲ್ಪ ಕಬ್ಬಿಣ. ಡಿಸೆಂಬರಿನಲ್ಲಿ ಆ ಹುಡುಗ ಏಣಿಯ ಮೇಲೆ ನಿಂತು ಮೂಸಿದ್ದು ಇದನ್ನೇ. ಆತನಿಗೆ ಹುಲ್ಲು ನೋಡಿ ಗೊತ್ತಾಗಿರಲಿಕ್ಕಿಲ್ಲ.

ಮೇ ಕೊನೆಗೆ ಮಳೆಗೆ ಮೊದಲು ಸೌದೆ ಕೊಟ್ಟಿಗೆ ಕಟ್ಟಿಸಿದೆವು. ಮುರಕಲ್ಲಿನದ್ದೇ, ಗಿಲಾವಿಲ್ಲದೆ. ಹೊಸತಾಗಿ ಕಡಿದ ಕಲ್ಲು ಬಾಳೆದಿಂಡಿನಷ್ಟು ಮೆದು ಇರುತ್ತದೆ, ಗಾಳಿ ಬಿಸಿಲು ತಾಗಿದ ಹಾಗೆ ಗಟ್ಟಿಯಾಗುತ್ತದೆ. 1807ರಲ್ಲಿ ಬುಕಾನನ್ ಎಂಬ ಬ್ರಿಟಿಷ್ ಸರ್ವೇಯರ್ ಮಲಬಾರಿನ ಅಂಗಾಡಿಪ್ಪುರಂನಲ್ಲಿ ಇದನ್ನು ಕಂಡದ್ದರ ಬಗ್ಗೆ ಬರೆಯುತ್ತ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಕರೆದ. ಮೇಸ್ತ್ರಿ ನೀರ್ಚಾಲಿನ ಕಡೆಯವರು, ವಯಸ್ಸಾದವರು, ಅರ್ಧ ತುಳು ಅರ್ಧ ಮಲಯಾಳ. ಸಾರುವೆ ಬಿಚ್ಚಿ ತೂತುಗಳಿಗೆ ಕಲ್ಲುಚೂರು ತುಂಬಲು ಹೊರಟಾಗ, ಮೂಡುಬದಿಯ ಎರಡನ್ನು ಬಿಡಿ ಎಂದೆ. ಯಾಕೆಂದು ಹೇಳಿದೆ. ಅವರಿಗೆ ಹಕ್ಕಿಯ ಬಗ್ಗೆ ಆಕ್ಷೇಪವಿರಲಿಲ್ಲ, ತೂತಿನ ಬಗ್ಗೆ ಇತ್ತು. ನಾಳೆ ಯಾರಾದರೂ ನೋಡಿ ಇದನ್ನು ಕಟ್ಟಿದವನಿಗೆ ಕೆಲಸ ಗೊತ್ತಿಲ್ಲ ಅಂದರೆ?

ನಮ್ಮ ಹಳೆಯ ಮನೆಯ ಗೋಡೆಯ ಕತೆ ಹೇಳಿದೆ, ಅಕ್ಕಿಯ ಜಗಳ, ಕರಣೆ ಬಿಸಾಡಿ ಹೋದದ್ದು, ಎಲ್ಲ. ಅವರು ಬೀಡಿ ಹೊತ್ತಿಸಿ ಗಿಲಾವಾದ ಪಡುಗೋಡೆಯನ್ನು ಸ್ವಲ್ಪ ಹೊತ್ತು ನೋಡಿದರು.

"ಒಟ್ಟು ಎಷ್ಟು ತೂತು ಇತ್ತು?"

"ಒಂದೇ."

"ಜಗಳ ಮಾಡಿ ಹೋದವನು ಇಪ್ಪತ್ತನ್ನು ಮುಚ್ಚಿ ಒಂದನ್ನು ಬಿಡ್ತಾನಾ?" ಎಂದರು. ಮತ್ತೆ ಏಣಿ ಹತ್ತಿ, ಮೊದಲನೆಯ ತೂತಿಗೆ ಮೊಣಕೈವರೆಗೆ ಕೈ ಹಾಕಿ, ಒಳಗೆ ಚಾಚಿಕೊಂಡಿದ್ದ ಗಾರೆಯ ಮೊನೆಗಳನ್ನು ಕರಣೆಯಿಂದ ಕೆರೆದರು. ಬಾಯಿಯ ಕೆಳಗಿನ ಕಲ್ಲನ್ನು ಹೊರಕ್ಕೆ ಸ್ವಲ್ಪ ಇಳಿಜಾರು ಮಾಡಿ, ಚೆಂಬಿನಿಂದ ನೀರು ಹೊಯ್ದು, ನೀರು ಒಳಗೆ ನಿಲ್ಲದೆ ಹೊರಗೆ ಬರುತ್ತದಾ ಎಂದು ಬಗ್ಗಿ ನೋಡಿದರು.